ಸುತ್ತಿ ಬಂದ ತಂತಿ

ರುಕ್ಮಣಿ ಮಗಳಿಗೆ ಕಂಪ್ಯೂಟರ್ ಕೊಡಿಸುತ್ತಾಳಂತೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಕಾಲೊನಿಯಲ್ಲಿ ಎಲ್ಲರೂ ಎಂಜಿನಿಯರುಗಳಾಗಿಬಿಟ್ಟರು. ಪವರ್‌ಲೂಮ್ ಓಡಿಸುವ ಗಂಡಸರು, "ಮೋಟಾರು ಗಟ್ಟಿ ಇದೆಯಾ ನೋಡ್ಕೊ" ಅಂದರು. ಕೋಳಿ ಫಾರಮ್ಮಿಗೆ ಹೋಗುವ ಹೆಂಗಸರು, ಟೀವಿ ದೊಡ್ಡದಿದ್ದರೆ ಸಾಕು, ಮಿಕ್ಕಿದ್ದು ತಾನೇ ಬರುತ್ತದೆ ಅಂದರು. ಮೂಲೆಮನೆ ಅಜ್ಜಿ, ಎಲ್ಲರ ಪಾಟಿ, ಹಸು ಕೊಳ್ಳುವವರನ್ನು ಕೇಳುವ ಹಾಗೆ ಕೇಳಿದಳು: "ಅದು ಎಷ್ಟು ತಿನ್ನುತ್ತೆ ಕಣ್ಣು?" ಅವಳ ತಮಿಳಿನಲ್ಲಿ ಮುದ್ದಿನ ಮಕ್ಕಳೆಲ್ಲ ಕಣ್ಣು.

"ಕರೆಂಟು ಮಾತ್ರ ಪಾಟಿ," ಅಂದಳು ಮಗಳು ಭೂಮಿ.

"ಹಂಗಾದ್ರೆ ತಗೋ. ಹುಲ್ಲು ಕೇಳಲ್ಲ."

ರುಕ್ಮಣಿ ಯಾರ ಮಾತಿಗೂ ಕಿವಿ ಕೊಡಲಿಲ್ಲ. ಅವಳು ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಚೆಕಿಂಗ್ ಕೆಲಸದವಳು. ಬೆಳಿಗ್ಗೆ ಕಂಪೆನಿ ವ್ಯಾನು ಹತ್ತಿದರೆ ಒಂದೂವರೆ ಶಿಫ್ಟು ನಿಂತೇ ಇರಬೇಕು. ಟ್ಯೂಬ್‌ಲೈಟಿನ ಕೆಳಗೆ ಬನಿಯನ್ನು ಹರಡಬೇಕು, ಹೊಲಿಗೆ ನೋಡಬೇಕು, ಬಾಲ ಬಿಟ್ಟ ನೂಲು ಕತ್ತರಿಸಬೇಕು, ಎಸೆಯಬೇಕು, ಮುಂದಿನದು. ಮೂಗಿನೊಳಗೆ ಹತ್ತಿಯ ಧೂಳು. ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಕೂತು ಕೂತು ಜಡ್ಡು ಕಟ್ಟಿತ್ತು. ಕೂರಲು ಸ್ಟೂಲು ಕೇಳಿದವರನ್ನು ಸೂಪರ್‌ವೈಸರು ಮನೆಗೇ ಕಳಿಸುತ್ತಿದ್ದ.

"ನಂಗೆ ಕಂಪ್ಯೂಟ್ರು ತಿಳೀದು ಮಗ," ಅಂದಳು ರುಕ್ಮಣಿ. "ಕತ್ತರಿ ಆರಿಸೋದು ಗೊತ್ತು. ನೂಲು ಕತ್ತರಿಸಬೇಕು, ಕೈ ನೋಯಬಾರ್ದು. ಅಂಥದ್ದೇ ನೋಡಿ ತಗೋ. ಬಣ್ಣ ನೋಡಬ್ಯಾಡ."

ಅವರು ಕೊಳ್ಳೇಗಾಲದ ಕಡೆಯವರು. ಭೂಮಿಯ ಅಪ್ಪ ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಮಗಳನ್ನು ಸೊಂಟಕ್ಕೆ ಹಾಕಿಕೊಂಡು ರುಕ್ಮಣಿ ಪಲ್ಲಡಂ ಕಡೆಯ ಈ ಹಳ್ಳಿಗೆ ಬಂದಾಗ ಊರೊಳಗೆ ಬಾಡಿಗೆ ಮನೆ ಕೇಳಿದ್ದಳು. "ನೀವು ಯಾವ ಜನ?" ಅಂತ ಮನೆಗೊಬ್ಬರು ಕೇಳಿದರು. ಹೇಳಿದಳು. ಎಲ್ಲರೂ ಕೆರೆಯ ಆಚೆ ಕೈ ತೋರಿಸಿದರು. ಆಚೆ ಇದ್ದದ್ದು ಕಾಲೊನಿ. "ಅಲ್ಲಿ ಕೇರಿ ಅಂತಿದ್ರು, ಇಲ್ಲಿ ಕಾಲೊನಿ ಅಂತಾರೆ. ಬೋರ್ಡು ಬೇರೆ, ಬೀದಿ ಅದೇಯ" ಅಂತ ರುಕ್ಮಣಿ ನಗುತ್ತಿದ್ದಳು. ಮನೆಯೊಳಗೆ ಕೊಳ್ಳೇಗಾಲದ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಭೂಮಿ ಬೆಳೆದದ್ದು ಹೀಗೆ.

ಅದು ಎರಡು ಸಾವಿರದ ಏಳು. ಭೂಮಿ ಕೊಯಮತ್ತೂರಿನ ಕಾಲೇಜಿನಲ್ಲಿ ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಸೇರಿದ್ದಳು. ಲ್ಯಾಬಿನಲ್ಲಿ ಒಂದು ಮೆಷಿನ್ನಿಗೆ ಮೂವರು. ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು, ನಿಲ್ಲುತ್ತಿದ್ದವಳು ಯಾವಾಗಲೂ ಭೂಮಿ. ಬೆರಳಿಗೆ ಕೀಬೋರ್ಡು ಸಿಗದೆ ಸಿ ಲ್ಯಾಂಗ್ವೇಜ್ ಬರುವುದಿಲ್ಲ. ಈಜು ದಡದಲ್ಲಿ ನಿಂತು ಕಲಿಯುವಂಥದ್ದಲ್ಲ. ಅದರ ಮೇಲೆ ಮೇಷ್ಟ್ರು ಅಸೈನ್‌ಮೆಂಟುಗಳನ್ನು ಮೇಲ್ ಮಾಡುತ್ತಿದ್ದರು, ಉತ್ತರವನ್ನೂ ಮೇಲ್ ಮಾಡಬೇಕಿತ್ತು. ಪಲ್ಲಡಂ ಬ್ರೌಸಿಂಗ್ ಸೆಂಟರಿನಲ್ಲಿ ಪರದೆ ಹಾಕಿದ ಗೂಡುಗಳು. ಹುಡುಗಿ ಒಳಗೆ ಹೋದರೆ ಬೀದಿಯೆಲ್ಲ ಪರದೆ ನೋಡುತ್ತಿತ್ತು.

ದೀಪಾವಳಿ ಬೋನಸ್ಸು ಬಂದ ವಾರ, ತಾಯಿ ಮಗಳು ಕೊಯಮತ್ತೂರಿನ ಗಾಂಧಿಪುರಕ್ಕೆ ಹೋದರು. ಜೊತೆಗೆ ಭೂಮಿಯ ಕ್ಲಾಸ್‌ಮೇಟ್ ಇರ್ಫಾನ್ ಬಂದ. ಹಾಸನದ ಹುಡುಗ, ಅವನಪ್ಪ ಕೊಯಮತ್ತೂರಿನ ಪಂಪ್ ಕಂಪೆನಿಯಲ್ಲಿ ಎಂಜಿನಿಯರ್. ತರಗತಿಯಲ್ಲಿ ಕನ್ನಡ ಆಡಲು ಸಿಕ್ಕಿದ್ದು ಅವನಿಗೆ ಭೂಮಿ ಒಬ್ಬಳೇ.

"ನೋಡು ಭೂಮಿ," ಬಸ್ ಇಳಿಯುತ್ತಲೇ ಶುರು ಮಾಡಿದ. "ಬ್ರ್ಯಾಂಡೆಡ್ ಬೇಡ, ಅಸೆಂಬಲ್ ಮಾಡಿಸೋಣ. ಪ್ರೋಗ್ರಾಂ ಬರೆಯೋಕೆ ಗ್ರಾಫಿಕ್ಸ್ ಕಾರ್ಡ್ ಯಾಕೆ? ಪ್ರೊಸೆಸರ್ ಮಧ್ಯದ್ದು ಸಾಕು. ಮೆಮೊರಿ ಮಾತ್ರ ಜಾಸ್ತಿ ಹಾಕಿಸು, ಮುಂದಿನ ವರ್ಷ ಜಾವಾ ಬರುತ್ತೆ, ಅದು ಮೆಮೊರಿ ಮುಕ್ಕುತ್ತೆ. ನಿಮ್ಮ ಕಡೆ ಕರೆಂಟು ಹೋಗ್ತಾನೇ ಇರುತ್ತಲ್ಲ, ಯುಪಿಎಸ್ ಬಿಡಬೇಡ."

ಅಂಗಡಿಯವನು ಭೂಮಿಯನ್ನು ನೋಡಲಿಲ್ಲ. ಇರ್ಫಾನನ್ನು ನೋಡಿ, "ತಂಗಿಗಾ ಸಾರ್?" ಅಂದ. ಬಣ್ಣದ ದೀಪ ಮಿನುಗುವ ಡಬ್ಬಿ ತೋರಿಸಿದ. ಮೊಣಕಾಲೆತ್ತರದ ಸ್ಪೀಕರು ತೋರಿಸಿದ.

"ಸ್ಪೀಕರ್ ತೆಗೀರಿ," ಅಂದಳು ಭೂಮಿ. "ಅದರ ಬದಲು ಮೆಮೊರಿ ಹಾಕಿ."

"ಹಾಡು ಕೇಳೋದು ಬೇಡ್ವಾಮ್ಮ?"

"ನಮ್ಮ ಕಾಲೊನೀಲಿ ಹಾಡಿಗೆ ಬರ ಇಲ್ಲ. ಆಡಿ ತಿಂಗಳ ಮಾರಿಹಬ್ಬ ಬಂದ್ರೆ ಕಂಬಕ್ಕೊಂದು ಸ್ಪೀಕರ್. ಕೀಬೋರ್ಡು ತೋರಿಸಿ."

ಅವಳು ಒಂದೊಂದೇ ಕೀಬೋರ್ಡಿನ ಮೇಲೆ ಬೆರಳಾಡಿಸಿದಳು. ರುಕ್ಮಣಿಯೂ ಒತ್ತಿ ನೋಡಿದಳು. "ಇದು ಮೆತ್ತಗದೆ. ಕೈ ನೋಯಲ್ಲ. ಇದೇ ಇರ್ಲಿ." ಅಂಗಡಿಯವನು ಆಮೇಲೆ ಭೂಮಿಯ ಮುಖ ನೋಡಿಯೇ ಮಾತಾಡಿದ.

ಕೊಯಮತ್ತೂರಿನ ಸಿಂಗಾನಲ್ಲೂರು ಸ್ಟ್ಯಾಂಡಿನಲ್ಲಿ ಪಲ್ಲಡಂ ಬಸ್ಸು ಹತ್ತುವಾಗ ಮಾನಿಟರು ರುಕ್ಮಣಿಯ ತೊಡೆ ಏರಿತು. ತೆಳ್ಳನೆಯದಲ್ಲ, ಹಳೆ ಕಾಲದ ಡಬ್ಬಿ ಮಾನಿಟರು, ಹಿಂದಕ್ಕೆ ಗೂನು ಬೆನ್ನು. ಕಂಡಕ್ಟರು ಅದಕ್ಕೂ ಟಿಕೆಟ್ ಕೇಳಿದ.

"ತೊಡೆ ಮೇಲಿನ ಕೂಸಿಗೆ ಯಾವ ಬಸ್ಸಲ್ಲಿ ಟಿಕೆಟ್ಟು?" ಅಂದಳು ರುಕ್ಮಣಿ. "ಸೀಟಲ್ಲಿ ಕೂರಿಸಿದಾಗ ಕೇಳು."

ಬಸ್ಸೆಲ್ಲ ನಕ್ಕಿತು. ಕಂಡಕ್ಟರೂ ನಕ್ಕು ಮುಂದೆ ಹೋದ. ಇಳಿಯುವಾಗ ರುಕ್ಮಣಿಯ ಎರಡೂ ಕಾಲು ಜೋಮು ಹಿಡಿದಿದ್ದವು. ಆದರೂ ಮಾನಿಟರು ತಲೆ ಮೇಲೆ ಇಟ್ಟುಕೊಂಡು ನಡೆದಳು. ಊರ ಬೀದಿಯಲ್ಲಿ ಕಾಲೊನಿಯವರು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು, ಚಪ್ಪಲಿ ಕೈಯಲ್ಲಿ ಹಿಡಿಯಬೇಕು. ಅವತ್ತು ಅವಳ ಎರಡೂ ಕೈ ಮಾನಿಟರಿನ ಮೇಲಿದ್ದವು. ಚಪ್ಪಲಿ ಕಾಲಲ್ಲೇ ಉಳಿಯಿತು. ಎಲ್ಲರೂ ಡಬ್ಬಿ ನೋಡುತ್ತಿದ್ದರು.

ಕಂಪ್ಯೂಟರ್ ಬಂತು. ಇಂಟರ್ನೆಟ್ ಬರಲಿಲ್ಲ.

ಬ್ರಾಡ್‌ಬ್ಯಾಂಡಿಗೆ ಟೆಲಿಫೋನ್ ಲೈನು ಬೇಕು. ಅರ್ಜಿ ಹಾಕಿ ಕಾದ ಮೇಲೆ ಲೈನ್‌ಮನ್ ಲಿಂಗಸಾಮಿ ಏಣಿ, ತಂತಿಯ ಸುರುಳಿ ಹೊತ್ತು ಬಂದ. ಊರ ಬೀದಿಯ ಕೊನೆಯ ಟೆಲಿಫೋನ್ ಕಂಬ ತಿರುಮಲೈಸಾಮಿಯ ಮನೆ ಮುಂದಿತ್ತು. ಅಲ್ಲಿಂದ ಕಾಲೊನಿಗೆ ತಂತಿ ಹಾಯಬೇಕಾದರೆ ಆ ಮನೆಯ ತಾರಸಿ ಮೂಲೆಗೆ ಒಂದು ಕೊಕ್ಕೆ ಹೊಡೆಯಬೇಕು. ಅಷ್ಟೇ. ಹಕ್ಕಿ ಕೂರುವಷ್ಟು ಜಾಗ.

ತಿರುಮಲೈಸಾಮಿಗೆ ಸಾಲು ಸಾಲು ಕೋಳಿ ಶೆಡ್ಡುಗಳಿದ್ದವು. ಕಾಲೊನಿಯ ಅರ್ಧ ಹೆಂಗಸರು ಅಲ್ಲಿಯೇ ದುಡಿಯುತ್ತಿದ್ದರು. ಅವನನ್ನು ಪಣ್ಣಾಡಿ ಅಂತ ಕರೆಯುತ್ತಿದ್ದರು, ಅಂದರೆ ಧಣಿ. ಅವನು ಕೂಗಾಡುವ ಮನುಷ್ಯನಲ್ಲ. ನಗುತ್ತಲೇ ಹೇಳಿದ:

"ಓದೋ ಮಗು. ನಾನು ಅಡ್ಡ ಬರ್ತೀನಾ? ಆದ್ರೆ ಕಾಲೊನಿಗೆ ಹೋಗೋ ತಂತಿ ನನ್ನ ಮನೆ ನೆತ್ತಿ ಮೇಲೆ ಹಾಯಬಾರ್ದು. ನಾಳೆ ಊರು ನನ್ನ ಕೇಳುತ್ತೆ."

"ಬರೀ ತಂತಿ ಸಾಮಿ," ಅಂದ ಲಿಂಗಸಾಮಿ. "ಮಾತು ಒಳಗೇ ಹೋಗುತ್ತೆ, ಹೊರಗೆ ಸೋರಲ್ಲ."

ತಿರುಮಲೈಸಾಮಿ ನಗುತ್ತಲೇ ಇದ್ದ. ಲಿಂಗಸಾಮಿ ಏಣಿ ಹೆಗಲಿಗೇರಿಸಿದ.

"ಒಂದು ಕೆಲಸ ಮಾಡು ಕಣ್ಣು," ತಿರುಮಲೈಸಾಮಿ ಭೂಮಿಗೆ ಹೇಳಿದ. "ನಮ್ಮನೇಲಿ ನೆಟ್ ಇದೆ. ಬಾಲು ಎಂಜಿನಿಯರಿಂಗ್ ಓದ್ತಿದ್ದಾನೆ. ಹಿತ್ತಲ ಕಡೆಯಿಂದ ಬಾ. ನಿನ್ನ ಮೇಲ್ ನೋಡ್ಕೊ. ಅವನಿಗೂ ಸ್ವಲ್ಪ ಪ್ರೋಗ್ರಾಂ ಬರೆದುಕೊಡು."

ಭೂಮಿ ಹೋದಳು. ಅಸೈನ್‌ಮೆಂಟ್ ಕಳಿಸಲೇಬೇಕಿತ್ತು.

ಹಿತ್ತಲಲ್ಲಿ ಒಂದು ಕಿಟಕಿ. ಕಿಟಕಿಯೊಳಗೆ ಕೋಣೆ, ಫ್ಯಾನು, ಮೇಜು, ಮೇಜಿನ ಮೇಲೆ ಕಂಪ್ಯೂಟರು. ತಿರುಮಲೈಸಾಮಿಯ ಮಗ ಬಾಲಸುಬ್ರಮಣಿಯನ್ ಮಾನಿಟರನ್ನು ಕಿಟಕಿ ಕಡೆಗೆ ತಿರುಗಿಸಿ ಇಟ್ಟಿದ್ದ. ಕೀಬೋರ್ಡಿನ ವೈರನ್ನು ಉದ್ದ ಮಾಡಿಸಿ, ಕೀಬೋರ್ಡನ್ನು ಹೊರಗೆ ತಂದು ಕಲ್ಲಿನ ಮೇಲೆ ಇಟ್ಟಿದ್ದ. ಭೂಮಿಗೆ ಕೂರಲು ಬೋರಲು ಹಾಕಿದ ಮೇವಿನ ಡ್ರಮ್ಮು.

ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಬೆರಳು ಹೊರಗೆ, ಅಕ್ಷರ ಒಳಗೆ.

ಅವಳು ಕೂತಳು. ಬೆನ್ನ ಹಿಂದೆ ಬಿಸಿಲು. ಪರದೆಯ ಮೇಲೆ ಅವಳ ಮುಖವೇ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕಂಬಿಗೆ ಹಣೆ ಒತ್ತಿ, ಒಂದು ಕೈ ಕಣ್ಣಿಗೆ ಮರೆ ಮಾಡಿ, ಇನ್ನೊಂದು ಕೈಯಲ್ಲಿ ಒತ್ತಿದಳು. ಕೋಳಿ ಗೊಬ್ಬರದ ಘಾಟು. ಮೀನಖಂಡಕ್ಕೆ ಇರುವೆ. ಒಳಗೆ ಬಾಲು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು, "ಮೊದಲು ನಂದು ಮುಗಿಸು" ಅಂದ. ಅವನದು ಮುಗಿಯಿತು. ಅವಳದಕ್ಕೆ ಉಳಿದದ್ದು ಒಂದು ಚೂರು ಹೊತ್ತು. ಬಾಲುವಿನ ತಾಯಿ ಚಂದ್ರಾ ಪ್ಲಾಸ್ಟಿಕ್ ಲೋಟದಲ್ಲಿ ಟೀ ತಂದು ನೆಲದ ಮೇಲಿಟ್ಟು ಹಿಂದೆ ಸರಿದಳು. "ಕುಡಿದು ಲೋಟ ಆ ಗುಂಡಿಗೆ ಹಾಕಮ್ಮ."

ಮನೆಯಲ್ಲಿ ರುಕ್ಮಣಿ ಕೇಳಿದಳು, "ಒಳಗೆ ಕೂರಿಸಿದ್ರಾ?"

"ಗಾಳಿ ಚೆನ್ನಾಗಿತ್ತು ಅವ್ವ."

ರುಕ್ಮಣಿ ಮಗಳ ಕಾಲಿನ ಮೇಲಿನ ಕೆಂಪು ಗಂದೆ ನೋಡಿದಳು. ಹಣೆಯ ಮೇಲೆ ಮೂಡಿದ್ದ ಕಂಬಿಯ ಗೆರೆ ನೋಡಿದಳು. ಕೊಬ್ಬರಿ ಎಣ್ಣೆ ತಂದು ಹಚ್ಚಿದಳು.

ಎರಡು ಮೂರು ಸಲ ಹೀಗೇ ನಡೆಯಿತು. ಆಮೇಲೆ ಒಂದು ಸಂಜೆ ಭೂಮಿ ಹೋದಾಗ ಬಾಲು ಕಿಟಕಿಯಲ್ಲಿ ಕಾಯುತ್ತಿದ್ದ.

"ಕೀಬೋರ್ಡು ಹಾಳು ಮಾಡಿದ್ದೀಯ. ಸೆಮಿಕೋಲನ್ ಬರ್ತಾ ಇಲ್ಲ."

ಸಿ ಲ್ಯಾಂಗ್ವೇಜಿನಲ್ಲಿ ವಾಕ್ಯಕ್ಕೊಂದು ಸೆಮಿಕೋಲನ್ ಬೇಕು. ಅದಿಲ್ಲದೆ ಹೋದರೆ ಎಂಥ ಜಾಣನ ಪ್ರೋಗ್ರಾಮನ್ನೂ ಮೆಷಿನ್ನು ಒಪ್ಪುವುದಿಲ್ಲ. ಭೂಮಿ ಒತ್ತಿ ನೋಡಿದಳು. ಒತ್ತಿದ ಕೀಲಿ ಒಳಗೇ ಅಂಟಿಕೊಂಡಿತು. ಕೀಬೋರ್ಡು ಬೋರಲು ಹಾಕಿದಳು. ಹಳದಿ ನೀರು ತೊಟ್ಟಿಕ್ಕಿತು.

ಅವಳು ಕಿಟಕಿಯೊಳಗೆ ಚಂದ್ರಾಳನ್ನು ನೋಡಿದಳು.

"ಅರಿಶಿನದ ನೀರಾಮ್ಮ?"

"ಸಂಜೆ ದೀಪ ಹಚ್ಚೋ ಮನೆ," ಅಂದಳು ಚಂದ್ರಾ. ಅಕ್ಕಿ ತೊಳೆಯುವ ಮಾತು ಆಡುವಷ್ಟು ಸಲೀಸಾಗಿ ಅಂದಳು. "ನೀನು ಹೋದ ಮೇಲೆ ತೊಳೀದೆ ಒಳಗೆ ಹೆಂಗೆ ತಗೊಳ್ಳೋದು?"

ಭೂಮಿಗೆ ನಗು ಬಂತು. ಹೊಟ್ಟೆಯೊಳಗಿನಿಂದ ಬಂದ ನಗು. ನಕ್ಕಳು, ನಗುತ್ತಲೇ ಕಣ್ಣು ಉರಿಯಿತು.

"ಬೇರೆ ಕೀಬೋರ್ಡು ತರ್ತೀನಿ, ನಾಳೆ ಬಾ," ಅಂದ ಬಾಲು. "ಪ್ರಾಜೆಕ್ಟು ಅರ್ಧಕ್ಕೆ ನಿಂತಿದೆ."

"ಬರಲ್ಲ," ಅಂದಳು ಭೂಮಿ.

"ಯಾಕೆ?"

"ಕೀಬೋರ್ಡು ತೊಳೆದ್ರಿ ಸರಿ. ಒಳಗಿರೋ ಪ್ರೋಗ್ರಾಮು? ಅದರಲ್ಲಿ ಒಂದಕ್ಷರ ಬಿಡದೆ ನಾನೇ ಮುಟ್ಟಿದ್ದೀನಿ. ಅದನ್ನ ಯಾಕೆ ತೊಳೀಲಿಲ್ಲ? ತೊಳೆದು ಕಾಲೇಜಿಗೆ ಕಳಿಸು."

ಕೀಬೋರ್ಡನ್ನು ಅದರ ವೈರಿನಿಂದಲೇ ಕಿಟಕಿ ಕಂಬಿಗೆ ನೇತುಹಾಕಿದಳು. ಹಿತ್ತಲ ದಾರಿ ಹಿಡಿಯಲಿಲ್ಲ. ಮನೆಯ ಪಕ್ಕದಿಂದ ಮುಂದಕ್ಕೆ ಬಂದಳು. ಮುಂದಿನ ಗೇಟು ತೆಗೆದಳು. ಊರ ಬೀದಿಯಲ್ಲಿ ಚಪ್ಪಲಿ ಚಟಚಟ ಅನ್ನಿಸಿಕೊಂಡು ನಡೆದಳು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದಳು. ಡ್ರಮ್ಮು, ಕಂಬಿ, ಲೋಟ, ಅರಿಶಿನ, ಎಲ್ಲ. ರುಕ್ಮಣಿ ಕೇಳಿದ್ದು ಒಂದೇ ಮಾತು:

"ಗೇಟು ತೆಗೆದೋಳು ಹಾಕ್ದೆಯಾ?"

"ಇಲ್ಲ."

"ಒಳ್ಳೇದಾಯ್ತು. ತೆರೆದೇ ಇರ್ಲಿ."

ಮಾರನೆಯ ದಿನ ಫಾರಮ್ಮಿಗೆ ಹೋದ ಹೆಂಗಸರು ಬರಿಗೈಯಲ್ಲಿ ತಿರುಗಿ ಬಂದರು. ಆ ಹುಡುಗಿ ಬಂದು ತಪ್ಪಾಯಿತು ಅನ್ನುವವರೆಗೆ ಕಾಲೊನಿಯವರು ಯಾರೂ ಶೆಡ್ಡಿಗೆ ಕಾಲಿಡಬಾರದು ಅಂತ ಪಣ್ಣಾಡಿ ಹೇಳಿದ್ದನಂತೆ. ಹೆಂಗಸರು ರುಕ್ಮಣಿಯ ಬಾಗಿಲಿಗೆ ಬಂದು ನಿಂತರು. ಸಿಟ್ಟಿತ್ತು.

"ಒಂದು ಕೀಬೋರ್ಡಿನ ಗುಂಡಿ ವಿಷಯಕ್ಕೆ ನಮ್ಮ ಹೊಟ್ಟೆ ಮೇಲೆ ಹೊಡೆಸಿದಳಲ್ಲ ನಿನ್ನ ಮಗಳು!"

ಭೂಮಿ ಹೊರಗೆ ಬಂದಳು. ತಪ್ಪಾಯಿತು ಅಂತ ಹೇಳಿಬಿಡಬೇಕು ಅನ್ನಿಸಿತು. ಬದಲಿಗೆ ಅರಿಶಿನದ ನೀರಿನ ಕಥೆ ಹೇಳಿದಳು. ಕೇಳುತ್ತ ಕೇಳುತ್ತ ಹೆಂಗಸರ ಮುಖ ಬದಲಾಯಿತು. ಫಾರಮ್ಮಿನ ಮೊಟ್ಟೆಗಳನ್ನು ದಿನವೂ ಆರಿಸುವವರು ಅವರೇ.

ಒಬ್ಬಳು ಮೆಲ್ಲಗೆ ಅಂದಳು, "ನಾವು ಮುಟ್ಟಿದ ಮೊಟ್ಟೇನ ತೊಳೀತಾಳಾ ಆ ಯಮ್ಮ?"

"ತೊಳೆಯಲ್ಲ. ಬೇಯಿಸ್ಕೊಂಡು ತಿಂತಾಳೆ," ಅಂದಳು ಇನ್ನೊಬ್ಬಳು.

ನಗು ಸಿಡಿಯಿತು. ಪಾಟಿ ನಕ್ಕು ನಕ್ಕು ಕೆಮ್ಮಿದಳು. ನಕ್ಕ ಮೇಲೆ ಸಿಟ್ಟು ಹೋಗಲಿಲ್ಲ, ದಿಕ್ಕು ಬದಲಿಸಿತು ಅಷ್ಟೇ.

ಕೋಳಿಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವು ಮೊಟ್ಟೆ ಇಡುವುದನ್ನು ನಿಲ್ಲಿಸಲಿಲ್ಲ. ಪಕ್ಕದ ಹಳ್ಳಿಯಿಂದ ಆಳು ತರಿಸೋಣ ಅಂದರೆ ಅಲ್ಲಿಯವರೂ ಇವರ ನೆಂಟರೇ. ಬಾಲು ಮೊಟ್ಟೆ ಟ್ರೇ ಹೊತ್ತ. ಚಂದ್ರಾ ಮೂಗಿಗೆ ಸೆರಗು ಕಟ್ಟಿ ಮೇವು ಹಾಕಿದಳು. ತಿರುಮಲೈಸಾಮಿ ಪಂಚೆ ಎತ್ತಿ ಕಟ್ಟಿ ಗೊಬ್ಬರ ಎಳೆದ.

ಇತ್ತ ಕಾಲೊನಿಯಲ್ಲಿ ಕೈಗಳಿಗೆ ಕೆಲಸವಿರಲಿಲ್ಲ. ಲಿಂಗಸಾಮಿಯನ್ನು ಭೂಮಿ ಪಲ್ಲಡಂ ಆಫೀಸಿನಲ್ಲೇ ಹಿಡಿದಳು.

"ಅಣ್ಣಾ, ಬಸ್ ರೋಡಿನ ಕಂಬದಿಂದ ಕೆರೆ ಏರಿ ಮೇಲೆ ಸುತ್ತಿ ತರೋಕಾಗಲ್ವಾ? ಏರಿ ಸರ್ಕಾರದ್ದು. ಯಾರ ಮನೇನೂ ಇಲ್ಲ."

"ಆಗುತ್ತೆ. ಆದ್ರೆ ನಡುವೆ ಕಂಬ ಬೇಕು. ನಮ್ಮತ್ರ ಕಂಬ ಇಲ್ಲ."

"ಕಂಬ ನಾವು ನೆಟ್ರೆ?"

ಅವನು ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದ. "ನೆಡಿ. ತಂತಿ ನಾನು ಎಳೀತೀನಿ."

ಕಾಲೊನಿಯ ಬತ್ತಿದ ಬೋರ್‌ವೆಲ್ಲಿನಿಂದ ಕಿತ್ತ ಕಬ್ಬಿಣದ ಪೈಪುಗಳು ಬೇಲಿ ಪಕ್ಕ ತುಕ್ಕು ಹಿಡಿದು ಬಿದ್ದಿದ್ದವು. ಅವನ್ನೇ ಎಳೆದರು. ಭಾನುವಾರ ರುಕ್ಮಣಿ ಹಾರೆ ಹಿಡಿದು ಏರಿಯ ಮೇಲೆ ನಿಂತಳು. ಪಲ್ಲಡಂ ಮಣ್ಣು ಮೇಲೆ ಮಾತ್ರ ಮಣ್ಣು. ಒಂದು ಮೊಳ ಇಳಿದರೆ ಸುಣ್ಣಗಲ್ಲು. ಹಾರೆ ಹಾಕಿದರೆ ಕೈಗೆ ವಾಪಸ್ಸು ಹೊಡೆಯುತ್ತದೆ, ಭುಜ ಝಂ ಅನ್ನುತ್ತದೆ. ಹೆಂಗಸರು ಸರದಿ ಹಾಕಿಕೊಂಡು ಕುಟ್ಟಿದರು. ಲೂಮಿನ ಗಂಡಸರು ಪೈಪು ಹೊತ್ತರು. ಇರ್ಫಾನ್ ಹೊಸ ಜೀನ್ಸ್ ಹಾಕಿಕೊಂಡು ಬಂದವನು, ಮಧ್ಯಾಹ್ನದ ಹೊತ್ತಿಗೆ ಯಾರದೋ ಲುಂಗಿ ಉಟ್ಟು ಗುಂಡಿಯೊಳಗಿದ್ದ. ಭೂಮಿಯ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಅದರ ಮೇಲೆ ಬಟ್ಟೆ ಸುತ್ತಿಕೊಂಡು ಮತ್ತೆ ಹಾರೆ ಹಿಡಿದಳು.

ಕೊನೆಯ ಪೈಪು ನಿಲ್ಲಿಸುವ ಹೊತ್ತಿಗೆ ತಿರುಮಲೈಸಾಮಿ ಮೊಪೆಡ್ಡಿನಲ್ಲಿ ಬಂದ. ಮೈಯೆಲ್ಲ ಕೋಳಿ ಗೊಬ್ಬರದ ವಾಸನೆ. ಹೆಂಗಸರಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ.

"ಯಾಕಿಷ್ಟು ಕಷ್ಟ ಪಡ್ತೀರಿ?" ಅಂದ, ಹಳೆಯ ನಗುವಿನಲ್ಲಿ. "ತಂತಿ ನಮ್ಮ ಮನೆ ಮೇಲೇ ಎಳ್ಕೊಳ್ಳಿ. ನಾನೇನು ಬೇಡವೇ ಬೇಡ ಅಂದಿದ್ನಾ? ಹೆಂಗಸರು ಕೆಲಸಕ್ಕೆ ಬರ್ಲಿ. ಬಾಲೂದು ಪ್ರಾಜೆಕ್ಟು ಒಂದು ಉಳಿದಿದೆ, ಅದನ್ನ ಹುಡುಗಿ ಮುಗಿಸಿಕೊಡ್ಲಿ. ಎಲ್ಲರಿಗೂ ಒಳ್ಳೇದು."

ಲಿಂಗಸಾಮಿಯ ಮುಖ ಅರಳಿತು. ಏಣಿ ಹತ್ತಿದ್ದವನು ಇಳಿದೇ ಬಂದ. "ಅದು ನೇರ ಲೈನು ತಂಗಚ್ಚಿ. ಇದು ಸುತ್ತು. ಜಾಯಿಂಟು ಜಾಸ್ತಿ, ಸ್ಪೀಡು ಕಮ್ಮಿ. ಮಳೆ ಬಂದ್ರೆ ಕರಕರ. ಯೋಚನೆ ಮಾಡು."

ಎಲ್ಲರೂ ಭೂಮಿಯ ಕಡೆ ತಿರುಗಿದರು. ಅವಳು ಇರ್ಫಾನನ್ನು ನೋಡಿದಳು. ಇಷ್ಟು ದಿನ ಎಲ್ಲದಕ್ಕೂ ಸಲಹೆ ಕೊಟ್ಟಿದ್ದ ಹುಡುಗ ಗುಂಡಿಯೊಳಗಿಂದ ತಲೆ ಎತ್ತಿ, "ನೀನೇ ಹೇಳಬೇಕು" ಅಂದ.

ವೇಗ ಅವಳಿಗೆ ಬೇಕಿತ್ತು. ಸುಳ್ಳು ಯಾಕೆ? ನಿಂತು ನಿಂತು ಕಲಿತವಳು ಅವಳು. ಕೂತವರಿಗಿಂತ ಹಿಂದೆ ಬಿದ್ದದ್ದನ್ನು ಓಡಿ ಹಿಡಿಯಬೇಕಿತ್ತು. ಬಟ್ಟೆ ಸುತ್ತಿದ ಅಂಗೈಯನ್ನು ಮುಚ್ಚಿದಳು, ತೆರೆದಳು.

"ಸುತ್ತಿಯೇ ಬರ್ಲಿ ಅಣ್ಣಾ," ಅಂದಳು. "ಎಳೀರಿ."

ತಿರುಮಲೈಸಾಮಿಯ ನಗು ಮುಖದ ಮೇಲೆ ಹಾಗೇ ಉಳಿಯಿತು, ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ. "ಹುಡುಗಿಗೆ ಏನು ಗೊತ್ತು?" ಅಂದ ರುಕ್ಮಣಿಗೆ. "ನೀನಾದ್ರೂ ಬುದ್ಧಿ ಹೇಳು."

ರುಕ್ಮಣಿ ಹಾರೆಯನ್ನು ನೆಲಕ್ಕೆ ಊರಿದಳು.

"ತಿರುಮಲೈಸಾಮಿ," ಅಂದಳು.

ಪಣ್ಣಾಡಿ ಅನ್ನಲಿಲ್ಲ. ಸಾಮಿ ಅಂತಲೂ ನಿಲ್ಲಿಸಲಿಲ್ಲ. ಪೂರ್ತಿ ಹೆಸರು ಹೇಳಿದಳು. ಕಾಲೊನಿಯ ಬಾಯಿಂದ ಆ ಹೆಸರು ಅವನ ಎದುರಿಗೆ ಯಾವತ್ತೂ ಬಂದಿರಲಿಲ್ಲ.

"ನನ್ನ ಮಗಳು ಬುದ್ಧಿ ಇಟ್ಕೊಂಡೇ ಹೇಳವ್ಳೆ. ಇನ್ನೇನಾದ್ರೂ ಕೇಳೋದಿದ್ಯಾ?"

ಅವನು ಹೆಂಗಸರ ಕಡೆ ತಿರುಗಿದ. "ನೀವು ಬರ್ತೀರೋ ಇಲ್ವೋ? ಕೋಳಿ ಕೂಗ್ತಾ ಇವೆ."

ಗುಂಡಿಗೆ ಕಲ್ಲು ತುಂಬುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ನಾಳೆ ಬರ್ತೀವಿ. ಟೀ ಕೊಡೋದಾದ್ರೆ ನಿಮ್ಮನೆ ಲೋಟದಲ್ಲೇ ಕೊಡಬೇಕು. ಇವತ್ತು ಕೈ ಬಿಡುವಿಲ್ಲ."

ಮೊಪೆಡ್ಡು ಸದ್ದು ಮಾಡುತ್ತ ಏರಿ ಇಳಿದು ಹೋಯಿತು. ಅದು ಹೋದ ಮೇಲೆ ಪಾಟಿ ಜೋರಾಗಿ, "ತಿರುಮಲೈಸಾಮೀ" ಅಂತ ಒಂದು ಸಲ ಕೂಗಿ ನೋಡಿದಳು. ಬಾಯಿಗೆ ರುಚಿ ಹತ್ತಿತೋ ಏನೋ, ಇನ್ನೊಂದು ಸಲ ಕೂಗಿದಳು.

ಮಾರನೆಯ ದಿನ ಹೆಂಗಸರು ಫಾರಮ್ಮಿಗೆ ಹೋದರು. ಚಂದ್ರಾ ಮನೆಯ ಲೋಟ ಕೊಡಲಿಲ್ಲ. ಅವರು ಟೀ ಮುಟ್ಟಲಿಲ್ಲ. ಆ ಜಗಳ ಇನ್ನೂ ಬಹಳ ದಿನ ನಡೆಯಿತು.

ತಂತಿ ಮಾತ್ರ ಬಂತು. ಭೂಮಿ ಹಬ್ಬದ ರಜೆಯಲ್ಲಿ ಜಾವಾ ಡೌನ್‌ಲೋಡಿಗೆ ಹಾಕಿದಳು. ಬೆಳಿಗ್ಗೆ ಒತ್ತಿದ್ದು. ಪರದೆಯ ಮೇಲಿನ ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ನಡುವೆ ಕರೆಂಟು ಹೋದಾಗ ಯುಪಿಎಸ್ ಕುಂಯ್‌ಗುಟ್ಟಿತು. ಬಂದು ಇಣುಕಿದವರೆಲ್ಲ, "ಇದೇನಾ?" ಅಂದು ಹೋದರು.

ರಜೆಯಲ್ಲೂ ಡ್ಯೂಟಿ ಮಾಡಿದ ರುಕ್ಮಣಿ ಸಂಜೆ ವ್ಯಾನು ಇಳಿದು ಬಂದಳು. ತಲೆಯ ಮೇಲೆ ಹತ್ತಿ ಧೂಳು, ಪಾದ ಊದಿತ್ತು. ಪರದೆ ನೋಡಿದಳು.

"ವ್ಯಾನು ಹತ್ತುವಾಗ್ಲೂ ಹಿಂಗೇ ಇತ್ತಲ್ಲ ಮಗ. ಇನ್ನೂ ಬಂದಿಲ್ವಾ?"

"ಬರ್ತಾ ಇದೆ ಅವ್ವ. ಸುತ್ತು ದಾರಿ."

ರುಕ್ಮಣಿ ಕುರ್ಚಿ ಎಳೆದು ಮಗಳ ಪಕ್ಕಕ್ಕೆ ಹಾಕಿಕೊಂಡಳು. ಕೂತಳು. ಎರಡೂ ಕಾಲನ್ನು ಎತ್ತಿ ಮಾನಿಟರು ಬಂದ ಖಾಲಿ ಡಬ್ಬದ ಮೇಲೆ ಚಾಚಿದಳು.

"ಬರ್ಲಿ ಬುಡು," ಅಂದಳು. "ನಿಂತು ನಿಂತು ಸಾಕಾಗ್ಯದೆ. ಕೂತ್ಕೊಂಡೇ ಕಾಯೋಣ."